ಸವಕಳಿ

ನಮ್ಮ ಮನೆಯಲ್ಲೊಂದು ಕೇಪಿನ ಕೋವಿಯಿತ್ತು. ಮಲೆನಾಡಿನ ಎಷ್ಟೋ ಅಡಿಕೆ ತೋಟದ ಮನೆಗಳಲ್ಲಿರುವಂತೆ ಬೆಳೆ ಕಾಯುವುದಕ್ಕೆಂದು ಲೈಸೆನ್ಸು ಪಡೆದದ್ದು. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ವಾಪಸು ತರಬೇಕು. ಅಪ್ಪಯ್ಯ ಅದರಿಂದ ಮಂಗಗಳನ್ನು ಹೆದರಿಸಿದ್ದೇ ಹೆಚ್ಚು. ಹೊತ್ತು ನಡೆಯುವಾಗ ಅವರ ಅಂಗೈ ಕೂರುತ್ತಿದ್ದ ಕಡೆ ನಳಿಗೆಯ ಕಪ್ಪು ಹೋಗಿ ಕಬ್ಬಿಣ ಬೆಳ್ಳಗೆ ಮಿನುಗುತ್ತಿತ್ತು. ಕೆನ್ನೆ ಒತ್ತುವಲ್ಲಿ ಮರ ನುಣ್ಣಗಾಗಿತ್ತು. ಅವರು ಹೋದ ಮೇಲೆ ಆ ಕೋವಿ ಕಂಡರೆ ಅವರ ಕೈಯನ್ನೇ ಕಂಡಂತಾಗುತ್ತಿತ್ತು.

ಇದು ನೆನಪಾದದ್ದು ಅಮೆರಿಕದಲ್ಲಿ, ಮಗಳ ಮನೆಯ ಗ್ಯಾರೇಜಿನಲ್ಲಿ. ಹದಿನಾಲ್ಕರ ಮೊಮ್ಮಗ ಪ್ಲಾಸ್ಟಿಕ್ ಗುಂಡು ಹಾರಿಸುವ ನಕಲಿ ಪಿಸ್ತೂಲಿನ ಬಣ್ಣ ಕೀಳುತ್ತ ಕೂತಿದ್ದ. ಒಳಗಿನದು ಸತುವಿನ ಮಿಶ್ರಲೋಹ, ಮೇಲೆ ಕಪ್ಪು ಪೇಂಟು. ಅದನ್ನು ಬಿಡಿಸಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಲೋಹವನ್ನು ಕಪ್ಪಾಗಿಸುವ ದ್ರಾವಣ ಹಚ್ಚಿ, ಆಮೇಲೆ ಸ್ಟೀಲ್ ವೂಲಿನಿಂದ ಅಂಚುಗಳನ್ನಷ್ಟೇ ಸವೆಸಬೇಕು. ಎಲ್ಲ ಕಡೆ ಉಜ್ಜಿದರೆ ಬಣ್ಣ ಬಯಲಾಗುತ್ತದೆ! ಚರ್ಮದ ಒರೆಯಿಂದ ಎಳೆಯುವಾಗ, ತುರುಕುವಾಗ ತಾಗುವುದು ಮೂತಿಯ ಅಂಚು, ಮೂಲೆಗಳು. ಚಡಿಗಳಲ್ಲಿ ಕಪ್ಪು ಉಳಿಯಲೇಬೇಕು. ಇಪ್ಪತ್ತು ವರ್ಷದ ಸವಕಳಿ ಒಂದು ಮಧ್ಯಾಹ್ನದಲ್ಲಿ ಸಿದ್ಧ.

"ಸುಳ್ಳು ಸುಳ್ಳೇ ಯಾಕೋ ಹಳೇದು ಮಾಡ್ತೀಯ?" ಎಂದೆ.

"ಹೊಸದಾಗಿದ್ರೇ ಸುಳ್ಳು ಅನ್ಸೋದು ಅಜ್ಜ."

ಉತ್ತರ ಹೊಳೆಯಲಿಲ್ಲ. ನಾಟಕದಲ್ಲಿ ತಗಡಿನ ಕಿರೀಟ ತೊಟ್ಟವನನ್ನು ನಾವು ಮೋಸಗಾರ ಎನ್ನುವುದಿಲ್ಲ; ನೋಡುವವರೂ ಆ ಸುಳ್ಳಿನ ಪಾಲುದಾರರು. ಆದರೆ ಪಿಸ್ತೂಲು ಗ್ಯಾರೇಜಿನಿಂದ ಬೀದಿಗಿಳಿದರೆ? ಅಲ್ಲಿ ಯಾರೂ ಟಿಕೆಟ್ ಕೊಂಡು ಕೂತಿರುವುದಿಲ್ಲ.

ಜಪಾನ್ 1971ರಲ್ಲಿಯೇ ಲೋಹದ ಮಾದರಿ ಪಿಸ್ತೂಲಿನ ನಳಿಗೆ ಮುಚ್ಚಿರಬೇಕು, ಬಣ್ಣ ಬಿಳಿ ಇಲ್ಲವೆ ಹಳದಿಯಾಗಿರಬೇಕು ಎಂದು ಕಾನೂನು ಮಾಡಿತು. ಅಮೆರಿಕದಲ್ಲಿ 1989ರಿಂದ ಮಾರಾಟದ ನಕಲಿ ಬಂದೂಕಿನ ಮೂತಿಗೆ ಕಿತ್ತಳೆ ಗುರುತು. ಕ್ಲೀವ್‌ಲ್ಯಾಂಡಿನ ಉದ್ಯಾನದಲ್ಲಿ 2014ರ ನವೆಂಬರ್ 22ರಂದು ತಮೀರ್ ರೈಸ್ ಎಂಬ ಹನ್ನೆರಡರ ಕಪ್ಪು ಹುಡುಗನ ಬಳಿ ಇದ್ದ ಆಟದ ಪಿಸ್ತೂಲಿಗೆ ಆ ಗುರುತಿರಲಿಲ್ಲ. ಫೋನ್ ಮಾಡಿದವನು ಬಹುಶಃ ನಕಲಿ ಎಂದೇ ಹೇಳಿದ್ದ. ಆ ಮಾತು ಪೊಲೀಸರಿಗೆ ದಾಟಲಿಲ್ಲ. ಕಾರು ಬಂದ ಎರಡು ಸೆಕೆಂಡಿನೊಳಗೆ ಗುಂಡು ಹಾರಿತು. ಮರುದಿನ ಹುಡುಗ ತೀರಿಕೊಂಡ. ಸಾವಿನ ಹೊಣೆಯನ್ನು ಇಲ್ಲದ ಬಣ್ಣದ ಮೇಲೆ ಹಾಕಲು ನನಗೆ ಮನಸ್ಸಿಲ್ಲ. ಎರಡು ಸೆಕೆಂಡಿನಲ್ಲಿ ಮೂತಿಯ ಬಣ್ಣವನ್ನು ಯಾರು ನೋಡುತ್ತಾರೆ? ಹಾಗಂತ ಮೊಮ್ಮಗನಿಗೆ ಅದನ್ನು ಕಿತ್ತುಹಾಕು ಎನ್ನಲಾದೀತೆ? ನಮ್ಮ ಹುಡುಗನ ಮೈಬಣ್ಣವೂ ಆ ಊರಿನ ಕಣ್ಣಿಗೆ ಒಂದು ಗುರುತೇ.

ಇದನ್ನೆಲ್ಲ ಅವನಿಗೆ ಹೇಳಿದೆ. ತಲೆ ತಗ್ಗಿಸಿ ಕೇಳಿದ. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಪ್ಪನ ಗನ್ ಎಲ್ಲಿ ಸವೆದಿತ್ತು ಅಜ್ಜ?" ಎಂದ. ನಾನು ಮರುಳ, ಬೆರಳಿಟ್ಟು ತೋರಿಸಿಯೇ ಬಿಟ್ಟೆ.

ಕಿತ್ತಳೆ ತುದಿಗೆ ದ್ರಾವಣ ತಾಗದಂತೆ ಅವನು ಟೇಪು ಸುತ್ತಿದ್ದ. ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚುತ್ತಾನೋ ಇಲ್ಲವೋ ಎಂದು ನಾನು ಕತ್ತಲಾಗುವವರೆಗೂ ಅಲ್ಲೇ ಕೂತಿದ್ದೆ.