ಸಾಕಿದ ನಾಯಿಯ ಸಂತಾನವನ್ನು ತಡೆಯುವದು ನ್ಯಾಯವೋ?



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳ್ಳಿಗಳಲ್ಲಿ ನಾಯಿ ಇಲ್ಲದ ಒಕ್ಕಲುಮನೆ ವಿರಳ. ಅದು ಬಣವೆಯನ್ನೂ ಕುರಿಹಟ್ಟಿಯನ್ನೂ ಕಾಯುತ್ತದೆ. ನಾವು ಉಂಡು ಬಿಟ್ಟ ರೊಟ್ಟಿಯ ತುಂಡನ್ನು ತಿಂದು ಬಾಗಿಲಲ್ಲಿ ಬಿದ್ದುಕೊಳ್ಳುತ್ತದೆ. ಇಂಥ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ಅದು ಇನ್ನು ಮರಿ ಹಾಕದಂತೆ ಮಾಡುವದು ಧರ್ಮವೋ ಅಧರ್ಮವೋ ಎಂದು ಸಭೆಯವರಲ್ಲಿ ಕೆಲವರು ಕೇಳುತ್ತಾರೆ. ಜೀವಜಂತುಗಳು ಹೆಚ್ಚಬೇಕೆಂದು ಸೃಷ್ಟಿಕರ್ತನೇ ಆಶೀರ್ವದಿಸಿರುವಾಗ ಆ ಶಕ್ತಿಯನ್ನು ಕೊಯ್ದು ತೆಗೆಯಲಿಕ್ಕೆ ನಾವು ಯಾರು ಎಂಬದು ಅವರ ಮಾತು. ಇದು ಹಗುರವಾದ ಮಾತಲ್ಲ. ಆದದರಿಂದ ಸಾವಕಾಶವಾಗಿ ವಿಚಾರಿಸೋಣ.

ಮೊದಲನೆಯದಾಗಿ ನಮ್ಮ ಕೊಟ್ಟಿಗೆಯನ್ನು ನೋಡೋಣ. ನೊಗಕ್ಕೆ ಕಟ್ಟುವ ಎತ್ತು ಎತ್ತಾಗಿ ಹುಟ್ಟಲಿಲ್ಲ, ಹೋರಿಯಾಗಿ ಹುಟ್ಟಿತು. ನಮ್ಮ ಹಿರಿಯರು ಅದನ್ನು ಕೆಡವಿ, ಕಾಲು ಕಟ್ಟಿ, ಬೀಜ ಒಡೆಸಿದರು. ಈಗ ಪಶುವೈದ್ಯರು ಬರ್ಡಿಜೋ ಎಂಬ ಇಕ್ಕಳದಿಂದ, ಚರ್ಮವನ್ನು ಕೊಯ್ಯದೆ, ಒಳಗಿನ ನಾಳವನ್ನು ಮಾತ್ರ ಅಮುಕುತ್ತಾರೆ. ಇದು ಅಧರ್ಮವೆಂದು ಶಂಕೆಪಟ್ಟು ನಮ್ಮಲ್ಲಿ ಯಾವನಾದರೂ ನೇಗಿಲನ್ನು ನಿಲ್ಲಿಸಿದ್ದುಂಟೋ? ಇಲ್ಲ, ಯಾಕಂದರೆ ಅದರಲ್ಲಿ ನಮಗೆ ಲಾಭವಿತ್ತು. ನಾಯಿಯ ವಿಷಯದಲ್ಲಿ ಮಾತ್ರ ನಮ್ಮ ಮನಸ್ಸಾಕ್ಷಿಯು ಎಚ್ಚರಗೊಳ್ಳುವದಾದರೆ, ಅದು ನಿಜವಾಗಿ ಮನಸ್ಸಾಕ್ಷಿಯೋ, ಇಲ್ಲವೆ ದವಾಖಾನೆಯ ತನಕ ಹೋಗಲಿಕ್ಕೆ ಬರುವ ಬೇಸರವೋ ಎಂಬದನ್ನು ನಾವೇ ಪರೀಕ್ಷಿಸಿಕೊಳ್ಳತಕ್ಕದ್ದು.

ಎರಡನೆಯದಾಗಿ, ಮರಿಗಳ ಗತಿಯನ್ನು ನೋಡೋಣ. ಹೆಣ್ಣುನಾಯಿಯು ಸಾಮಾನ್ಯವಾಗಿ ವರುಷ ತುಂಬುವ ಹೊತ್ತಿಗೇ ಬೆದೆಗೆ ಬರುತ್ತದೆ. ಅದರ ಗರ್ಭಕಾಲವು ಸುಮಾರು 63 ದಿವಸ. ವರುಷಕ್ಕೆ ಒಂದೋ ಎರಡೋ ಸೂಲು, ಒಂದೊಂದು ಸೂಲಿಗೆ ನಾಲ್ಕೈದು ಮರಿ. ಗಂಡುಮರಿಯನ್ನು ಯಾರಾದರೂ ಕೇಳಿ ಒಯ್ಯುತ್ತಾರೆ. ಹೆಣ್ಣುಮರಿ ಯಾರಿಗೂ ಬೇಡ.

ಇದನ್ನು ಬರೆಯುವವನೂ ಈ ವಿಷಯದಲ್ಲಿ ನಿರ್ದೋಷಿಯಲ್ಲ. ನಾನು ಹನ್ನೆರಡು ವರುಷದ ಹುಡುಗನಿದ್ದಾಗ, ಮನೆಯವರ ಮಾತಿನಂತೆ ಮೂರು ಹೆಣ್ಣುಮರಿಗಳನ್ನು ಗೋಣಿಚೀಲದಲ್ಲಿ ಹಾಕಿ ಬೆಳಗಾಗುವ ಮೊದಲೇ ಹಳ್ಳದ ದಂಡೆಯಲ್ಲಿ ಬಿಟ್ಟುಬಂದೆನು. ಅವು ಇನ್ನೂ ಕಣ್ಣು ತೆರೆದಿರಲಿಲ್ಲ. ತಾಯಿಯು ಎರಡು ದಿವಸ ಆ ಬರಿದಾದ ಚೀಲವನ್ನು ಮೂಸುತ್ತಾ ಮನೆಯ ಸುತ್ತಲೂ ತಿರುಗಿತು. ನಾನು ಕೊಲ್ಲಲಿಲ್ಲ, ಬಿಟ್ಟೆನಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆನು. ಆದರೆ ಹಾಲುಣ್ಣುವ ಮರಿಯನ್ನು ತಾಯಿಯಿಂದ ಅಗಲಿಸಿ ಬಿಡುವದು ತಡಮಾಡಿ ಕೊಲ್ಲುವದೇ ಹೊರತು ಬೇರೆಯಲ್ಲ. ಹಸಿವೆ ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತ್ಯಜಿಸುವದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರವೂ ಅಪರಾಧವೇ.

ಇನ್ನು ಬದುಕಿ ಉಳಿದ ಮರಿಗಳು ಸಂತೆಯ ಬಯಲಿಗೂ ತಿಪ್ಪೆಗಳಿಗೂ ಸೇರುತ್ತವೆ. ಅವುಗಳಲ್ಲಿ ಒಂದಕ್ಕೆ ಹುಚ್ಚು ಹಿಡಿದು ಅದು ಕೂಸನ್ನು ಕಚ್ಚಿದರೆ, ರೋಗಚಿಹ್ನೆ ತೋರಿದ ಮೇಲೆ ಆ ಕೂಸಿಗೆ ಮದ್ದಿಲ್ಲ. ಆಗ ನಾವು ಬೀದಿನಾಯಿಗಳನ್ನು ಶಪಿಸುತ್ತೇವೆ. ಆದರೆ ಬೀದಿನಾಯಿಯ ತಾಯಿಯೋ ಅಜ್ಜಿಯೋ ಯಾರದೋ ಅಂಗಳದಲ್ಲಿ ಹುಟ್ಟಿದ್ದಲ್ಲವೋ?

ಕೊಲ್ಲುವದರಿಂದ ಈ ಕಷ್ಟವು ತೀರುವದಿಲ್ಲವೆಂದು ದೊಡ್ಡ ಪಟ್ಟಣಗಳು ಅನುಭವದಿಂದ ಕಲಿತವು. ಮದ್ರಾಸಿನಲ್ಲಿ ನಗರಸಭೆಯವರು ಅನೇಕ ವರುಷ ನಾಯಿಗಳನ್ನು ಕೊಲ್ಲುತ್ತಾ ಬಂದರೂ ಅವು ಕಡಿಮೆಯಾಗಲಿಲ್ಲ. ಅಲ್ಲಿಯ ಬ್ಲೂ ಕ್ರಾಸ್ ಸಂಘವು 1964ರಿಂದ ಸಂತಾನ ತಡೆಯುವ ಉಪಾಯವನ್ನು ಸಾರಿತು; 1996ರಲ್ಲಿ ನಗರಸಭೆಯು ಕೊಲ್ಲುವದನ್ನು ಬಿಟ್ಟಿತು. 2001ರಲ್ಲಿ ಇಡೀ ದೇಶಕ್ಕೆ ಇದರ ನಿಯಮಗಳಾದವು. 2023ರಲ್ಲಿ ಹೊಸ ನಿಯಮಗಳು ಬಂದವು. ಬೀದಿನಾಯಿಗಳ ಭಾರವು ಪಂಚಾಯತಿ ಪುರಸಭೆಗಳ ಮೇಲೆ, ಸಾಕಿದ ನಾಯಿಯ ಭಾರವು ಸಾಕಿದವನ ಮೇಲೆ ಎಂದು ಅವು ಹೇಳುತ್ತವೆ. ದಿಲ್ಲಿಯ ನಾಯಿಗಳ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರಂದು ಕೊಟ್ಟ ಆಜ್ಞೆಯಲ್ಲಿಯೂ, ಹುಚ್ಚು ಹಿಡಿಯದ, ಮೇಲೆ ಬೀಳದ ನಾಯಿಗಳಿಗೆ ಶಸ್ತ್ರಚಿಕಿತ್ಸೆಯನ್ನೂ ಲಸಿಕೆಯನ್ನೂ ಮಾಡಿಸಿ ಹಿಡಿದಲ್ಲಿಯೇ ಬಿಡಬೇಕೆಂದು ಹೇಳಿತು.

ಹಾಗಾದರೆ ಆಶೀರ್ವಾದದ ಮಾತಿಗೆ ಉತ್ತರವೇನು? ಹೆಚ್ಚುವದೆಂದರೆ ಬದುಕಿ ಹೆಚ್ಚುವದು. ಚೀಲದಲ್ಲಿ ಸಾಯಲಿಕ್ಕಾಗಿ ಹುಟ್ಟುವದನ್ನು ಹೆಚ್ಚುವಿಕೆ ಎನ್ನಬಹುದೋ? ನಾಯಿಯನ್ನು ಕಾಡಿನಿಂದ ಕರೆತಂದು ನಮ್ಮ ಬಾಗಿಲಿಗೆ ಕಟ್ಟಿದವರು ನಾವೇ. ಅದರ ಅನ್ನವನ್ನು ನಮ್ಮ ಕೈಯಲ್ಲಿ ಇಟ್ಟುಕೊಂಡ ಮೇಲೆ, ಅದರ ಮರಿಗಳ ಲೆಕ್ಕ ನಮಗೆ ಸೇರಿದ್ದಲ್ಲವೆಂದು ಹೇಳುವದು ನ್ಯಾಯವಲ್ಲ.

ಆದರೂ ಒಂದು ಸತ್ಯವನ್ನು ಮರೆಮಾಡಬಾರದು. ಈ ಕಾರ್ಯದಲ್ಲಿ ನಾಯಿಯು ಏನನ್ನೋ ಕಳಕೊಳ್ಳುತ್ತದೆ; ಕೊಡುತ್ತೀಯೋ ಎಂದು ಅದನ್ನು ಯಾರೂ ಕೇಳಲಿಲ್ಲ. ಆದಕಾರಣ ತೆಗೆದುಕೊಂಡವನು ಋಣಸ್ಥನು. ಕಲಿತ ಪಶುವೈದ್ಯನಿಂದ, ಅರಿವಳಿಕೆ ಕೊಟ್ಟು ಮಾತ್ರ ಇದನ್ನು ಮಾಡಿಸತಕ್ಕದ್ದು. ಗಾಯ ಮಾಯುವ ತನಕ ಒಣಗಿದ ಜಾಗದಲ್ಲಿ ಇಟ್ಟು ನೋಡಿಕೊಳ್ಳತಕ್ಕದ್ದು. ಹುಚ್ಚುರೋಗದ ಲಸಿಕೆಯನ್ನು ತಪ್ಪದೆ ಹಾಕಿಸತಕ್ಕದ್ದು. ಮುದಿಯಾದಾಗ ಹೊರಗೆ ಅಟ್ಟದೆ ಸಾಯುವ ತನಕ ರೊಟ್ಟಿ ಹಾಕತಕ್ಕದ್ದು. ಮುಧೋಳ ನಾಯಿಯಂಥ ಒಳ್ಳೆಯ ತಳಿಯನ್ನು ಉಳಿಸಬೇಕೆಂಬವರು ಮರಿ ಹಾಕಿಸಲಿ. ಆದರೆ ಹೆಣ್ಣುಮರಿಯೂ ಸೇರಿ ಪ್ರತಿಯೊಂದಕ್ಕೂ ಮನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಲಿ.

ಸಹೋದರ ಸಹೋದರಿಯರೇ, ನಿಮ್ಮ ನಾಯಿ ಮುಂದಿನ ಸಾರಿ ಬೆದೆಗೆ ಬರುವ ಮೊದಲು ಹತ್ತಿರದ ದನದ ದವಾಖಾನೆಗೆ ಹೋಗಿ ಈ ಚಿಕಿತ್ಸೆಯನ್ನು ಎಲ್ಲಿ ಮಾಡುತ್ತಾರೆಂದು ಕೇಳಿರಿ. ದೂರವಾದರೆ ನಾಲ್ಕು ಮನೆಯವರು ಕೂಡಿ ಒಂದು ಬಂಡಿ ಮಾಡಿಕೊಂಡು ಹೋಗಿರಿ. ಒಂದು ದಿವಸದ ಕೂಲಿ ಹೋದೀತು. ಆದರೆ ನಿಮ್ಮ ಮನೆಯ ಹುಡುಗನ ಕೈಯಲ್ಲಿ ಆ ಚೀಲವನ್ನು ಕೊಟ್ಟು ಹಳ್ಳಕ್ಕೆ ಕಳುಹಿಸುವ ಕೆಲಸವು ನಿಮಗೆ ತಪ್ಪುವದು.