ಬರೆದಾಗ ಮಾಗುವ ಅಭಿಪ್ರಾಯ

ಅಭಿಪ್ರಾಯ ಮೊದಲು, ಬರವಣಿಗೆ ಆಮೇಲೆ ಎಂದು ನಾವೆಲ್ಲ ನಂಬಿದ್ದೇವೆ. ಈ ಕ್ರಮ ತಿರುಗುಮುರುಗಾಗಿದೆ ಎಂಬುದು ನನ್ನ ವಾದ. ಬರೆಯುವ ಮುನ್ನ ನಮ್ಮೊಳಗೆ ಇರುವುದು ಬಹುಪಾಲು ಒಲವು, ಸಿಟ್ಟು, ಯಾರಿಂದಲೋ ಕೇಳಿದ ಮಾತು. ಇವು ಅಭಿಪ್ರಾಯವಾಗಿ ಮಾಗುವುದು ಬರೆಯುವಾಗ.

ಕೋಲಾರ ಸೀಮೆಯವರಿಗೆ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ನೀರೇ ಇದಕ್ಕೆ ಉದಾಹರಣೆ. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಸ್ವಲ್ಪ ದಿನಕ್ಕೇ ನೊರೆ ಎದ್ದಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿ, ಸುಪ್ರೀಂ ಕೋರ್ಟನ್ನೂ ಮುಟ್ಟಿತು. ಸಾವಿರ ಅಡಿ ಕೊರೆಸಿದರೂ ಬೋರು ಬತ್ತುವ, ನೀರು ಸಿಕ್ಕರೂ ಫ್ಲೋರೈಡ್ ಬೆರೆತಿರುವ ಜಿಲ್ಲೆಯಲ್ಲಿ ಜನ ಎರಡು ಪಾಳಯವಾದರು: ಕೆರೆ ತುಂಬಿತಲ್ಲ ಎಂದವರು, ವಿಷ ಹರಿಸಿದರು ಎಂದವರು.

ಈ ಎರಡು ಮಾತನ್ನೂ ಹಾಳೆಯ ಮೇಲೆ ಬರೆದು ನೋಡಿ. ಕೂಡಲೇ ಪ್ರಶ್ನೆಗಳು ಏಳುತ್ತವೆ. ಎಂಥ ನೀರು? ಎರಡನೇ ಹಂತದವರೆಗೆ ಸಂಸ್ಕರಿಸಿದ್ದು; ಮೂರನೇ ಹಂತವೂ ಆಗಲಿ ಎಂಬುದು ಹೋರಾಟಗಾರರ ಬೇಡಿಕೆ. ಯಾತಕ್ಕೆ? ಅಂತರ್ಜಲ ಹೆಚ್ಚಿಸಲು, ನೇರವಾಗಿ ಕುಡಿಯಲಿಕ್ಕಲ್ಲ. ಆದರೆ ಇಂಗಿದ ನೀರು ಬೋರಿನಿಂದ ಮೇಲೆದ್ದು ಟೊಮೆಟೊ ತೋಟಕ್ಕೂ ಮನೆಯ ಬಿಂದಿಗೆಗೂ ಸೇರುವುದಲ್ಲವೇ? ಬೋರಿನಲ್ಲಿ ನೀರು ಏರಿತು ಎನ್ನುವವರು ಯಾವ ವರ್ಷದ ಮಾತು ಹೇಳುತ್ತಿದ್ದಾರೆ? 2021ರ ಭಾರಿ ಮಳೆಗೆ ಕೆರೆಗಳು ಕೋಡಿ ಹರಿದವು. ಏರಿಕೆಯಲ್ಲಿ ಮಳೆಯ ಪಾಲೆಷ್ಟು, ಯೋಜನೆಯ ಪಾಲೆಷ್ಟು? ಒಂದೇ ಎಂದುಕೊಂಡ ಪ್ರಶ್ನೆ ಹೀಗೆ ಹಲವಾಗುತ್ತದೆ, ಒಂದೊಂದಕ್ಕೂ ಬೇರೆ ಪುರಾವೆ ಬೇಕಾಗುತ್ತದೆ. ಈ ದಾರಿಯಲ್ಲಿ ನಾನು ಮುಟ್ಟಿದ ನಿಲುವು ಇದು: ನೀರು ಬರಲಿ, ಮೂರನೇ ಹಂತದ ಸಂಸ್ಕರಣೆಯಾಗಿ ಬರಲಿ, ಪರೀಕ್ಷೆಯ ವರದಿಯನ್ನು ಆಯಾ ಪಂಚಾಯಿತಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಲಿ. ಎರಡು ಪಾಳಯಗಳಲ್ಲಿ ಯಾವುದೂ ಪೂರ್ತಿ ನನ್ನದಾಗಲಿಲ್ಲ.

ಹಾಳೆಗೆ ಈ ಶಕ್ತಿ ಎಲ್ಲಿಯದು? ಮಾತಾಡುವಾಗ ಎದುರಿನವರ ಮುಖ ನೋಡಿ ಮಾತು ಬಾಗುತ್ತದೆ. ನಿನ್ನೆ ಆಡಿದ್ದನ್ನು ನೆನಪು ಇಂದಿಗೆ ತಕ್ಕಂತೆ ತಿದ್ದಿಕೊಳ್ಳುತ್ತದೆ. ಬರೆದ ಎರಡು ವಾಕ್ಯ ಒಂದಕ್ಕೊಂದು ಹೊಂದದಿದ್ದರೆ ಎರಡೂ ಕಣ್ಣೆದುರೇ ಇರುತ್ತವೆ. ಒಂದನ್ನು ಹೊಡೆದುಹಾಕಬೇಕು, ಇಲ್ಲವೇ ಎರಡಕ್ಕೂ ಸಲ್ಲುವ ಮೂರನೆಯದನ್ನು ಹುಡುಕಬೇಕು. ಆ ಹುಡುಕಾಟಕ್ಕೇ ಯೋಚನೆ ಎಂದು ಹೆಸರು.

ಈ ಅಭ್ಯಾಸಕ್ಕೆ ನಮ್ಮ ಜಿಲ್ಲೆಯಲ್ಲೇ ಹಿರಿಯರಿದ್ದಾರೆ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಮೆಟ್ರಿಕ್ ದಾಟಲಿಲ್ಲ. ಪತ್ರಿಕೋದ್ಯಮವೇ ಅವರ ಶಾಲೆಯಾಯಿತು ಎಂದು ನಾನು ತಿಳಿದಿದ್ದೇನೆ. 1913ರಲ್ಲಿ ‘ಕರ್ಣಾಟಕ’ ಪತ್ರಿಕೆ ಆರಂಭಿಸಿದ ಅವರು, ಸಾರ್ವಜನಿಕ ವಿಷಯಗಳ ಅಧ್ಯಯನಕ್ಕೆಂದೇ 1945ರಲ್ಲಿ ಗೋಖಲೆ ಸಂಸ್ಥೆ ಕಟ್ಟಿದರು. ಮಾಲೂರು ತಾಲ್ಲೂಕಿನ ಮಾಸ್ತಿಯವರು ಸರ್ಕಾರಿ ಹುದ್ದೆ ಬಿಟ್ಟ ಮೇಲೆ ‘ಜೀವನ’ ಪತ್ರಿಕೆಯ ಸಂಪಾದಕರಾಗಿ ವರ್ಷಗಟ್ಟಲೆ ದುಡಿದರು. ನಡೆದದ್ದನ್ನು ಮತ್ತೆ ಮತ್ತೆ ಬರಹದಲ್ಲಿ ತೂಗಿ ನೋಡುವವನಿಗೆ ಅವಸರದ ತೀರ್ಮಾನ ಕಷ್ಟವಾಗುತ್ತದೆ.

ಹಾಗಾದರೆ ಅಕ್ಷರ ಬಾರದವರು ಯೋಚಿಸುವುದಿಲ್ಲವೇ? ಖಂಡಿತ ಯೋಚಿಸುತ್ತಾರೆ. ಶ್ರೀನಿವಾಸಪುರದ ಮಾವಿನ ತೋಟದಲ್ಲಿ ಹೂವು ನೋಡಿಯೇ ಫಸಲು ಅಂದಾಜು ಮಾಡುವ ರೈತನ ವಿವೇಕಕ್ಕೆ ಹಾಳೆ ಬೇಕಿಲ್ಲ. ಪ್ರತಿ ವರ್ಷದ ಫಸಲೇ ಅವನನ್ನು ತಿದ್ದುತ್ತದೆ. ಆದರೆ ನೀರಿನ ಗುಣ, ಸರ್ಕಾರದ ನೀತಿ, ದೂರದ ಪರಿಣಾಮ ಇಂಥವು ನಮ್ಮನ್ನು ಅಷ್ಟು ಬೇಗ ತಿದ್ದುವುದಿಲ್ಲ. ಬರವಣಿಗೆ ಅನಿವಾರ್ಯವಾಗುವುದು ಅಲ್ಲಿ.

ಬರವಣಿಗೆಗೂ ಅಪಾಯವಿದೆ. ಚೆಂದದ ವಾಕ್ಯ ಸತ್ಯದಂತೆ ಕಾಣುತ್ತದೆ. ಬರೆದದ್ದನ್ನು ಬಿಟ್ಟುಕೊಡಲು ಅಭಿಮಾನ ಬಿಡುವುದಿಲ್ಲ. ಅದಕ್ಕೇ ಪ್ರತಿ ಬರಹಕ್ಕೂ ತಾರೀಕು ಹಾಕಬೇಕು, ಕೊನೆಗೆ ಒಂದು ಸಾಲು ಸೇರಿಸಬೇಕು: ಯಾವ ಸಂಗತಿ ತಿಳಿದುಬಂದರೆ ನಾನು ಈ ಮಾತು ಬದಲಿಸುತ್ತೇನೆ? ಆ ಸಾಲು ಬರೆಯಲು ಆಗದಿದ್ದರೆ ನಮ್ಮಲ್ಲಿರುವುದು ಇನ್ನೂ ಹಠ. ಗ್ರಾಮಸಭೆಯಲ್ಲಿ ಕೈ ಎತ್ತುವ ಮುನ್ನ ಇಷ್ಟನ್ನಾದರೂ ಬರೆದುಕೊಂಡು ಬಂದರೆ, ನಾವು ಒಬ್ಬರನ್ನೊಬ್ಬರು ಸೋಲಿಸುವುದನ್ನು ಬಿಟ್ಟು ಒಬ್ಬರಿಂದೊಬ್ಬರು ಕಲಿಯತೊಡಗುತ್ತೇವೆ.