ಪದವಿಯೂ ಕಾಯಕವೂ

ಪದವಿಯನ್ನು ಬಯಸುವುದು ದೋಷವೇ? ಈ ಪ್ರಶ್ನೆಯು ಮಠದ ಅಂಗಳದಲ್ಲಿಯೂ ಊರ ಚಾವಡಿಯಲ್ಲಿಯೂ ಆಗಾಗ ಏಳುತ್ತದೆ. ಮನದ ಆಸೆಯೇ ಮಾಯೆಯೆಂದು ಶರಣರು ಎಚ್ಚರಿಸಿರುವರು, ನಿಜ. ಆದರೆ ಅಣ್ಣ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತರೇ ಹೊರತು ಅದನ್ನು ಹೇಯವೆಂದು ತಳ್ಳಲಿಲ್ಲ. ಆದುದರಿಂದ ದೋಷವಿರುವುದು ಪದವಿಯಲ್ಲಲ್ಲ. ಅದನ್ನು ಬಯಸುವ ಮನಸ್ಸು ಯಾವುದನ್ನು ಮೇಲಿಟ್ಟು ಯಾವುದನ್ನು ಕೆಳಗಿಟ್ಟಿದೆ ಎಂಬುದರಲ್ಲಿ. ಈ ಮಾತನ್ನು ಒರೆಗೆ ಹಚ್ಚಿ ನೋಡಲು ಅಮೆರಿಕಾ ದೇಶದ ಅಬ್ರಹಾಂ ಲಿಂಕನ್ನನ ಬಾಳಿನ ಮೂರೇ ತಿಂಗಳು ಸಾಕು.

ಲಿಂಕನ್ನನು ಬಡ ಒಕ್ಕಲಿನ ಮಗ. 1832ರಲ್ಲಿ ಇಲಿನಾಯ್ ಸಂಸ್ಥಾನದ ಶಾಸನಸಭೆಗೆ ನಿಂತು ಸೋತನು. 1834ರಲ್ಲಿ ಗೆದ್ದನು, ಅಲ್ಲಿಂದ ಒಂದರ ಮೇಲೊಂದು ನಾಲ್ಕು ಸಲ ಆರಿಸಿಬಂದನು. ಆಮೇಲೆ 1847ರಿಂದ ಎರಡು ವರ್ಷ ರಾಷ್ಟ್ರದ ಪ್ರತಿನಿಧಿ ಸಭೆಯಲ್ಲಿದ್ದು, ಊರಿಗೆ ಮರಳಿ ವಕೀಲಿ ವೃತ್ತಿಯನ್ನು ಹಿಡಿದನು. ಮೇಲೇರಬೇಕೆಂಬ ಹಂಬಲವು ಮಾತ್ರ ಆತನಲ್ಲಿ ಎಂದೂ ವಿಶ್ರಮಿಸಲಿಲ್ಲವೆಂದು ಆತನ ಜೊತೆಯ ವಕೀಲನೇ ಬರೆದಿಟ್ಟಿರುವನು.

1854ರಲ್ಲಿ, ಗುಲಾಮಗಿರಿಯು ಹೊಸ ಪ್ರದೇಶಗಳಿಗೂ ಹಬ್ಬಲು ಎಡೆಗೊಡುವ ಕಾಯಿದೆಯೊಂದು ಬಂದಿತು. ಅದನ್ನು ಎದುರಿಸಲು ಲಿಂಕನ್ನನು ಮತ್ತೆ ಕಣಕ್ಕಿಳಿದನು. ನವೆಂಬರಿನಲ್ಲಿ ಜನರು ಆತನನ್ನು ಶಾಸನಸಭೆಗೆ ಆರಿಸಿದರು. ಆಗ ರಾಷ್ಟ್ರದ ಸೆನೆಟ್ ಸದಸ್ಯರನ್ನು ಆರಿಸುತ್ತಿದ್ದವರು ಜನರಲ್ಲ, ಸಂಸ್ಥಾನದ ಶಾಸಕರು. ಶಾಸಕನಾದವನು ಸೆನೆಟ್ಟಿಗೆ ನಿಲ್ಲಬಾರದೆಂದು ಇಲಿನಾಯ್ ರಾಜ್ಯಾಂಗದ ಕಟ್ಟಳೆ. ಲಿಂಕನ್ನನ ಕಣ್ಣು ಸೆನೆಟ್ಟಿನ ಮೇಲಿತ್ತು. ಗೆದ್ದ ಸ್ಥಾನವನ್ನು ಸ್ವೀಕರಿಸದೆ ಬಿಟ್ಟುಕೊಟ್ಟನು. ಡಿಸೆಂಬರಿನ ಮರುಚುನಾವಣೆಯಲ್ಲಿ ಆ ಸ್ಥಾನವು ಎದುರು ಪಕ್ಷದ ಪಾಲಾಯಿತು. ಕೈಗೆ ಬಂದ ಕಾಯಕವನ್ನು ಕೆಳಗಿಳಿಸಿ ಮೇಲಿನದಕ್ಕೆ ಕೈಚಾಚಿದ ಈ ನಡೆಯನ್ನು ಮೆಚ್ಚುವುದು ಕಷ್ಟ. ನಂಬಿ ಮತವಿತ್ತ ಒಕ್ಕಲಿಗನಿಗೂ ಅಂಗಡಿಕಾರನಿಗೂ ಅದರಿಂದ ನಷ್ಟವೇ ಆಯಿತು.

ಇನ್ನೊಂದು ದಿನದ ಕತೆ ಬೇರೆ. 1855ರ ಫೆಬ್ರುವರಿ 8ರಂದು ಶಾಸಕರು ಮತ ಹಾಕಲು ಕೂಡಿದರು. ಮೊದಲನೆಯ ಸುತ್ತಿನಲ್ಲಿ ಲಿಂಕನ್ನನಿಗೆ 44 ಮತಗಳು. ಗೆಲುವಿಗೆ ಕೆಲವೇ ಕಡಿಮೆ. ಅದೇ ಕಾಯಿದೆಯನ್ನು ವಿರೋಧಿಸುತ್ತಿದ್ದ ಲೈಮನ್ ಟ್ರಂಬಲ್ಲನಿಗೆ ಬರೀ 5. ಆ ಐವರೋ ತಮ್ಮ ಹಳೆಯ ಪಕ್ಷದ ಅಭಿಮಾನದಿಂದ ಜಗ್ಗದೆ ನಿಂತರು. ಸುತ್ತುಗಳು ಕಳೆದಂತೆ ಲಿಂಕನ್ನನ ಮತಗಳು ಕರಗಿದವು. ಕಾಯಿದೆಯ ವಿಷಯದಲ್ಲಿ ನಂಬಲಾಗದ ಗವರ್ನರ್ ಮ್ಯಾಟಿಸನ್ನನು ಒಂಬತ್ತನೆಯ ಸುತ್ತಿಗೆ 47ಕ್ಕೆ ಏರಿದನು. ಲಿಂಕನ್ನನಿಗೆ ಉಳಿದದ್ದು 15.

ಹಟ ಹಿಡಿದಿದ್ದರೆ ತಾನೂ ಸೋತು ತತ್ತ್ವವೂ ಸೋಲುತ್ತಿತ್ತು. ಲಿಂಕನ್ನನು ತನ್ನವರನ್ನು ಕರೆದು, ಟ್ರಂಬಲ್ಲನಿಗೆ ಮತ ಹಾಕಿರೆಂದನು. ಹತ್ತನೆಯ ಸುತ್ತಿನಲ್ಲಿ ಟ್ರಂಬಲ್ಲನು 51 ಮತಗಳಿಂದ ಗೆದ್ದನು. ನಲವತ್ತನಾಲ್ವರ ನಾಯಕನು ಐವರ ನಾಯಕನಿಗೆ ಬಾಗಿದನು. ಮನಸ್ಸು ನೋಯಲಿಲ್ಲವೆಂದಲ್ಲ, ಆದರೆ ತನ್ನ ಸೋಲಿನ ನೋವಿಗಿಂತ ಮ್ಯಾಟಿಸನ್ನನು ಸೋತ ಸಂತೋಷವೇ ಹೆಚ್ಚೆಂದು ಮರುದಿನ ಗೆಳೆಯನಿಗೆ ಬರೆದನು.

ಒಬ್ಬನೇ ಮನುಷ್ಯ, ಮೂರು ತಿಂಗಳೊಳಗೆ ಎರಡು ತ್ಯಾಗ. ಮೊದಲನೆಯದರಲ್ಲಿ ಪದವಿಗಾಗಿ ಕಾಯಕವನ್ನು ಬಿಟ್ಟನು. ಎರಡನೆಯದರಲ್ಲಿ ಕಾಯಕಕ್ಕಾಗಿ ಪದವಿಯನ್ನು ಬಿಟ್ಟನು. ಹೊರಗಿನಿಂದ ನೋಡುವವರಿಗೆ ಎರಡೂ ಬಿಡುವುದೇ. ಒಳಗಿನ ಸಾಕ್ಷಿಗೆ ಮಾತ್ರ ಅವುಗಳ ಅಂತರ ತಿಳಿದೀತು. ಹಂಬಲವಿದ್ದವನಲ್ಲಿಯೇ ತ್ಯಾಗಕ್ಕೆ ಬೆಲೆ. ಹಸಿವಿಲ್ಲದವನು ಎಲೆಯ ಮುಂದಿನಿಂದ ಎದ್ದರೆ ಅದು ಉಪವಾಸವಾದೀತೇ?

ಮುಂದೆ ನಡೆದುದೂ ಸ್ಮರಣೀಯ. ಲಿಂಕನ್ನನು 1858ರಲ್ಲಿ ಸೆನೆಟ್ಟಿಗಾಗಿ ಮತ್ತೆ ಹೋರಾಡಿ ಸೋತನು. 1860ರಲ್ಲಿ ಷಿಕಾಗೋ ಸಮ್ಮೇಳನದಲ್ಲಿ ಅಧ್ಯಕ್ಷ ಪದವಿಗೆ ಆತನ ಹೆಸರನ್ನು ಸೂಚಿಸಿದವನು, ಅಂದು ಜಗ್ಗದೆ ನಿಂತ ಐವರಲ್ಲೊಬ್ಬನಾದ ನಾರ್ಮನ್ ಜಡ್. ಗುಲಾಮಗಿರಿಯನ್ನು ಅಳಿಸಿದ ಹದಿಮೂರನೆಯ ತಿದ್ದುಪಡಿಯ ಒಕ್ಕಣೆಯು ಹೊರಬಂದದ್ದು ಟ್ರಂಬಲ್ಲನು ಅಧ್ಯಕ್ಷನಾಗಿದ್ದ ಸೆನೆಟ್ಟಿನ ಸಮಿತಿಯಿಂದ. 1865ರ ಏಪ್ರಿಲಿನಲ್ಲಿ ಲಿಂಕನ್ನನು ಕೊಲೆಗೀಡಾದನು; ಅದೇ ಡಿಸೆಂಬರಿನಲ್ಲಿ ತಿದ್ದುಪಡಿಯು ರಾಜ್ಯಾಂಗವನ್ನು ಸೇರಿತು. ಆದರೆ ಈ ಫಲವನ್ನು ತೋರಿಸಿ ತ್ಯಾಗವನ್ನು ಹೊಗಳುವುದು ವ್ಯಾಪಾರಿಯ ಲೆಕ್ಕವಾದೀತು. ಬಿಟ್ಟುಕೊಟ್ಟ ದಿನ ಅದಾವುದೂ ಆತನಿಗೆ ಕಂಡಿರಲಿಲ್ಲ. ಫಲ ಬಾರದಿದ್ದರೂ ಆ ನಡೆ ಸರಿಯೇ ಆಗಿರುತ್ತಿತ್ತು.

ಸೆನೆಟ್ಟಿನ ಮಾತು ದೊಡ್ಡದೆನಿಸಬಹುದು. ಗ್ರಾಮ ಪಂಚಾಯಿತಿ, ಸಹಕಾರಿ ಸಂಘ, ಜಾತ್ರೆಯ ಸಮಿತಿ, ಇವುಗಳ ಅಧ್ಯಕ್ಷತೆಗೂ ಒರೆಗಲ್ಲು ಇದೊಂದೇ. ಪದವಿಯನ್ನು ಬಯಸುವ ಗೃಹಸ್ಥನು ಹಂಬಲವನ್ನು ಮುಚ್ಚಿಡಬೇಕಾಗಿಲ್ಲ. ಈ ಕೆಲಸವನ್ನು ತನಗಿಂತ ಬೇರೊಬ್ಬನು ಗೆಲ್ಲಿಸಬಲ್ಲನೆಂದು ಕಂಡ ದಿನ ತಾನು ಪಕ್ಕಕ್ಕೆ ಸರಿದು, ಆತನ ಬೆನ್ನಿಗೆ ನಿಲ್ಲಬಲ್ಲೆನೇ ಎಂದು ತನ್ನನ್ನೇ ಕೇಳಿಕೊಂಡರೆ ಸಾಕು. ನಿಲ್ಲಬಲ್ಲವನಿಗೆ ಪದವಿಯೂ ಕಾಯಕವೇ. ನಿಲ್ಲಲಾರದವನಿಗೆ ಕಾಯಕವೂ ಪದವಿಯ ಬೇಟೆಯೇ ಸರಿ.